ಹನ್ನೆರಡು ಬೀದಿ, ಒಂದು ಕಸುಬು: ಕ್ರಿಂಕಿ ಎಂಬ ಯಹೂದಿ ಊರಿನ ಬದುಕು

(ಉಪನ್ಯಾಸವೊಂದರ ಬರಹ ರೂಪ ಇದು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಕೊನೆಗೆ ಸಭಿಕರು ಕೇಳಿದ ಎರಡು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಪೂರ್ವ ಯುರೋಪಿನ ಯಹೂದಿ ಊರು ಅಂದ ತಕ್ಷಣ ಹೆಚ್ಚಿನವರ ಕಣ್ಣ ಮುಂದೆ ಬರುವುದು ಒಂದೇ ಥರದ ಚಿತ್ರ. ಮರದ ಪುಟ್ಟ ಮನೆಗಳು. ಕೆಸರಿನ ಬೀದಿ. ಉದ್ದ ಗಡ್ಡದ ಅಜ್ಜ. ಮದುವೆ ಮನೆಯಲ್ಲಿ ಪಿಟೀಲು. ಶುಕ್ರವಾರ ಸಂಜೆ ಮನೆಮನೆಯಲ್ಲೂ ಮೇಣದ ಬತ್ತಿ. ಈ ಚಿತ್ರ ಪೂರ್ತಿ ಸುಳ್ಳೇನಲ್ಲ. ಆದರೆ ಅದನ್ನು ನೋಡಿದಾಗಲೆಲ್ಲ ನನಗೊಂದು ಪ್ರಶ್ನೆ ಏಳುತ್ತದೆ. ಈ ಜನ ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು? ಆ ಮೇಣದ ಬತ್ತಿಗೆ ದುಡ್ಡು ಎಲ್ಲಿಂದ ಬರುತ್ತಿತ್ತು?

ಇವತ್ತಿನ ಮಾತು ಆ ದುಡ್ಡಿನ ಬಗ್ಗೆ. ಅದಕ್ಕಾಗಿ ಒಂದೇ ಒಂದು ಊರನ್ನು ಆರಿಸಿಕೊಂಡಿದ್ದೇನೆ. ಅದರ ಹೆಸರು ಕ್ರಿಂಕಿ. ಅಲ್ಲಿನ ಯಹೂದಿಗಳು ತಮ್ಮ ಯಿಡ್ಡಿಷ್ ಮಾತಿನಲ್ಲಿ ಅದನ್ನು ಕ್ರಿನಿಕ್ ಅನ್ನುತ್ತಿದ್ದರು. ಇವತ್ತು ಅದು ಪೋಲೆಂಡಿನ ಈಶಾನ್ಯದಲ್ಲಿ, ಬಿಯಾಲಿಸ್ಟೋಕ್ ನಗರದ ಪೂರ್ವಕ್ಕೆ, ಬೆಲಾರೂಸ್ ಗಡಿಯ ಪಕ್ಕದಲ್ಲೇ ಇದೆ. ಇಂಥ ಊರುಗಳಿಗೆ ಯಿಡ್ಡಿಷ್‌ನಲ್ಲಿ ಶ್ಟೆಟ್ಲ್ ಅನ್ನುತ್ತಾರೆ. ಹಳ್ಳಿಗಿಂತ ದೊಡ್ಡದು, ಪಟ್ಟಣಕ್ಕಿಂತ ಚಿಕ್ಕದು, ನಡುವೆ ಒಂದು ಸಂತೆ ಮಾಳ. ಜನರಲ್ಲಿ ಯಹೂದಿಗಳೇ ಜಾಸ್ತಿ, ಅಥವಾ ಅರ್ಧದಷ್ಟಾದರೂ ಇರುತ್ತಿದ್ದರು. ಸುತ್ತಲಿನ ಹಳ್ಳಿಗಳಲ್ಲಿ ಪೋಲಿಷ್, ಬೆಲಾರೂಸಿ, ಉಕ್ರೇನಿ ರೈತರು.

ಕ್ರಿಂಕಿಯೇ ಯಾಕೆ ಅಂದರೆ, ಅಲ್ಲಿ ಪ್ರಾರ್ಥನೆಯೂ ಇತ್ತು, ಸಂತೆಯೂ ಇತ್ತು, ಜೊತೆಗೆ ಕಾರ್ಖಾನೆ, ಮುಷ್ಕರ, ಸಾಲದ ಹುಂಡಿ, ಬಾಂಬು ಎಲ್ಲವೂ ಇತ್ತು. ಮುನ್ನೂರು ವರ್ಷದಲ್ಲಿ ಆ ಊರು ಬದುಕುವ ದಾರಿಯನ್ನು ಮೂರು ಸಲ ಬದಲಿಸಿತು. ಒಂದೊಂದು ಸಲವೂ ಕಾರಣ ಊರ ಹೊರಗಿತ್ತು. ಯಾರೋ ಎಲ್ಲೋ ಕೂತು ಗಡಿ ಎಳೆದರು, ಸುಂಕ ಹಾಕಿದರು, ರೈಲನ್ನು ಬೇರೆ ಕಡೆ ತಿರುಗಿಸಿದರು. ನಾನು ಹೇಳಬೇಕಾದದ್ದು ಮುಖ್ಯವಾಗಿ ಇಷ್ಟೇ. ಉಳಿದದ್ದೆಲ್ಲ ಅದು ಹೇಗೆ ನಡೆಯಿತು ಅನ್ನುವ ವಿವರ.

ಮೊದಲು ಊರಿನ ನಕ್ಷೆ ನೋಡಿ. ನಡುವೆ ಆರು ಮೂಲೆಯ ಒಂದು ದೊಡ್ಡ ಮೈದಾನ. ಅದರಿಂದ 12 ಬೀದಿಗಳು ಸುತ್ತಲೂ ಹರಡಿಕೊಳ್ಳುತ್ತವೆ. ಇದು ತಾನಾಗಿ ಬೆಳೆದ ಊರಿನ ಆಕಾರ ಅಲ್ಲ, ಅಲ್ವಾ? 18ನೇ ಶತಮಾನದ ಕೊನೆಯಲ್ಲಿ ಗ್ರೋಡ್ನೋ ಸೀಮೆಯ ರಾಜನ ಜಮೀನುಗಳನ್ನು ನೋಡಿಕೊಳ್ಳುತ್ತಿದ್ದ ಆಂಟೋನಿ ಟಿಜೆನ್‌ಹೌಸ್ ಎಂಬ ಅಧಿಕಾರಿಯ ಕಾಲದಲ್ಲಿ ಆದ ಯೋಜನೆ ಇದು. ಎಲ್ಲ ಕಡೆಯಿಂದ ಬರುವ ಗಾಡಿಗಳೂ ಬಂದು ಸೇರುವುದು ಒಂದೇ ಜಾಗಕ್ಕೆ. ಅಲ್ಲಿ ವ್ಯಾಪಾರ ಆಗಬೇಕು, ಆದ ವ್ಯಾಪಾರಕ್ಕೆ ತೆರಿಗೆ ಬರಬೇಕು. ಲೆಕ್ಕಾಚಾರವನ್ನು ನೆಲದ ಮೇಲೇ ಬರೆದಿಟ್ಟಿದ್ದಾರೆ.

ಯಹೂದಿಗಳು ಅಲ್ಲಿಗೆ ಬಂದದ್ದು ಅದಕ್ಕೂ ಮೊದಲೇ. 1639ರಲ್ಲಿ ಪೋಲೆಂಡ್ ರಾಜ ನಾಲ್ಕನೇ ವ್ಲಾಡಿಸ್ಲಾವ್ ಅವರಿಗೆ ಕ್ರಿಂಕಿಯಲ್ಲಿ ನೆಲೆಸಲು ಸನದು ಕೊಟ್ಟ. ರಾಜನಿಗೆ ಯಹೂದಿಗಳ ಮೇಲೆ ವಿಶೇಷ ಪ್ರೀತಿ ಏನೂ ಇರಲಿಲ್ಲ. ಆಗಿನ ಪೋಲೆಂಡ್ ಮತ್ತು ಲಿಥುವೇನಿಯಾದಲ್ಲಿ ಭೂಮಿ ಇದ್ದದ್ದು ರಾಜ, ಜಮೀನ್ದಾರರು ಮತ್ತು ಚರ್ಚಿನ ಕೈಯಲ್ಲಿ. ರೈತರು ಬಿಟ್ಟಿ ದುಡಿಯುವ ಜೀತದವರು. ಬೆಳೆದ ಧಾನ್ಯವನ್ನು ದುಡ್ಡು ಮಾಡಬೇಕಾದರೆ ನಡುವೆ ಯಾರಾದರೂ ಬೇಕು. ಓದು ಬರಹ ಗೊತ್ತಿರುವವರು, ಲೆಕ್ಕ ಇಡುವವರು, ಬೇರೆ ಊರುಗಳಲ್ಲಿ ನೆಂಟಸ್ತನ ಇರುವವರು. ಯಹೂದಿಗಳಿಗೆ ಇದೆಲ್ಲ ಇತ್ತು. ಅವರಿಗೆ ಇಲ್ಲದೇ ಇದ್ದದ್ದು ಜಮೀನು.

ಹಾಗಾಗಿ ಗುತ್ತಿಗೆ ಪದ್ಧತಿ ಬೆಳೆಯಿತು. ಅರೆಂಡಾ ಅಂತ ಅದರ ಹೆಸರು. ಜಮೀನ್ದಾರನ ಹಿಟ್ಟಿನ ಗಿರಣಿ, ಮೀನಿನ ಕೆರೆ, ದಾರಿಸುಂಕದ ಕಟ್ಟೆ, ಇವನ್ನೆಲ್ಲ ಯಹೂದಿ ಗುತ್ತಿಗೆದಾರ ಹಿಡಿಯುತ್ತಿದ್ದ. ಎಲ್ಲಕ್ಕಿಂತ ಲಾಭದ್ದು ಹೆಂಡದ ಗುತ್ತಿಗೆ. ಇದರ ಗುಟ್ಟು ಸ್ವಾರಸ್ಯವಾಗಿದೆ. ಧಾನ್ಯವನ್ನು ನದಿಯ ಮೇಲೆ ಸಾಗಿಸಿ ಸಮುದ್ರದ ಬಂದರಿಗೆ ಕಳಿಸುವುದು ದುಬಾರಿ. ಅದೇ ಧಾನ್ಯವನ್ನು ಭಟ್ಟಿ ಇಳಿಸಿ ವೋಡ್ಕಾ ಮಾಡಿದರೆ ಊರಲ್ಲೇ ಮಾರಬಹುದು. ಬಟ್ಟಿಖಾನೆ ಜಮೀನ್ದಾರನದ್ದು, ಹೋಟೆಲು ನಡೆಸುವವನು ಯಹೂದಿ, ಕುಡಿಯುವವನು ರೈತ. ದುಡ್ಡಿನ ದೊಡ್ಡ ಪಾಲು ಹೋಗುತ್ತಿದ್ದದ್ದು ಮೇಲಿನವನಿಗೆ, ಬೈಗುಳ ಮಾತ್ರ ಕೌಂಟರಿನ ಹಿಂದೆ ನಿಂತವನಿಗೆ. ರೈತನ ಕಣ್ಣಿಗೆ ಬೀಳುತ್ತಿದ್ದವನು ಅವನೊಬ್ಬನೇ.

ಸಂತೆಯ ದಿನ ಊರು ಪೂರ್ತಿ ಬೇರೆಯೇ ಆಗುತ್ತಿತ್ತು. ಬೆಳಗಾಗುವ ಮೊದಲೇ ರೈತರ ಗಾಡಿಗಳು ಬರುತ್ತಿದ್ದವು. ಧಾನ್ಯ, ಅಗಸೆ ನಾರು, ಕೋಳಿ, ಮೊಟ್ಟೆ, ಕರು, ಒಣಗಿಸಿದ ಅಣಬೆ, ಹಂದಿ ಕೂದಲು. ಹೌದು, ಹಂದಿ ಕೂದಲು. ಯಹೂದಿಗಳು ಹಂದಿ ತಿನ್ನುವುದಿಲ್ಲ, ಆದರೆ ಬ್ರಷ್ ಮಾಡುವ ಆ ಕೂದಲಿನ ವ್ಯಾಪಾರ ಈ ಸೀಮೆಯಲ್ಲಿ ಅವರ ಕೈಯಲ್ಲೇ ಇತ್ತು. ಮಾರಿದ ದುಡ್ಡಿನಲ್ಲಿ ರೈತ ಉಪ್ಪು, ಕಬ್ಬಿಣ, ಸೀಮೆಎಣ್ಣೆ, ಬೂಟು, ಟೋಪಿ ಕೊಳ್ಳುತ್ತಿದ್ದ. ಆ ಒಂದು ದಿನದ ಗಳಿಕೆಯಲ್ಲಿ ಅನೇಕ ಮನೆಗಳು ವಾರವಿಡೀ ಬದುಕಬೇಕಿತ್ತು.

ಅಂಗಡಿಯಲ್ಲಿ ಕೂರುತ್ತಿದ್ದದ್ದು ಹೆಚ್ಚಾಗಿ ಹೆಂಗಸರು. ಇದನ್ನು ನಾವು ಮರೆಯಬಾರದು. ಗಂಡಸು ಧರ್ಮಗ್ರಂಥ ಓದುತ್ತಾ ಕೂತರೆ ಅದು ಮನೆತನಕ್ಕೆ ಗೌರವ. ಮನೆ ನಡೆಸುವ ಭಾರ ಹೆಂಡತಿಯ ಮೇಲೆ. ರೈತರ ಭಾಷೆಯಲ್ಲಿ ಚೌಕಾಶಿ ಮಾಡುವುದು, ಉದ್ದರಿ ಲೆಕ್ಕ ನೆನಪಿಡುವುದು, ಸಗಟು ವ್ಯಾಪಾರಿಯ ಹತ್ತಿರ ಗಡುವು ಕೇಳುವುದು, ಎಲ್ಲ ಅವಳೇ. ಹಳೆಯ ಫೋಟೋಗಳಲ್ಲಿ ಗಡ್ಡದ ಗಂಡಸರೇ ಜಾಸ್ತಿ ಕಾಣುವುದರಿಂದ ಈ ವಿಷಯ ಹಿಂದೆ ಸರಿದಿದೆ.

ಊರೊಳಗಿನ ವ್ಯವಹಾರಕ್ಕೆ ಕಹಲ್ ಅಂತ ಒಂದು ಮಂಡಳಿ ಇತ್ತು. ಕ್ರಿಂಕಿಯದ್ದು ಗ್ರೋಡ್ನೋದ ದೊಡ್ಡ ಕಹಲ್‌ನ ಕೆಳಗೆ ಬರುತ್ತಿತ್ತು. ತೆರಿಗೆ ವಸೂಲಿ, ಬಡ ಹುಡುಗರ ಓದು, ರೋಗಿಗಳ ಆರೈಕೆ, ಶವಸಂಸ್ಕಾರ, ಎಲ್ಲ ಅದರ ಜವಾಬ್ದಾರಿ. ಅದು ಕಟ್ಟುನಿಟ್ಟು ವ್ಯಾಪಾರ ನಿಯಮಗಳನ್ನೂ ಮಾಡುತ್ತಿತ್ತು. ಒಬ್ಬ ಯಹೂದಿ ಹಿಡಿದಿರುವ ಗುತ್ತಿಗೆಯನ್ನು ಇನ್ನೊಬ್ಬ ಯಹೂದಿ ಜಾಸ್ತಿ ದುಡ್ಡು ಕೊಟ್ಟು ಕಸಿದುಕೊಳ್ಳುವ ಹಾಗಿಲ್ಲ. ಪೈಪೋಟಿ ಬೆಳೆದರೆ ಲಾಭ ಜಮೀನ್ದಾರನಿಗೆ, ನಷ್ಟ ಸಮುದಾಯಕ್ಕೆ ಅನ್ನುವ ಲೆಕ್ಕ. ಕಹಲ್‌ನಲ್ಲಿ ಸಾಹುಕಾರರದ್ದೇ ನಡೆಯುತ್ತಿತ್ತು ಅನ್ನುವುದೂ ನಿಜ. ಬಡವನಿಗೆ ಅನ್ಯಾಯವಾದರೆ ಒಂದು ದಾರಿ ಮಾತ್ರ ಇತ್ತು. ಸಬ್ಬತ್ ದಿನ, ಅಂದರೆ ವಾರದ ವಿಶ್ರಾಂತಿಯ ಶನಿವಾರ, ಪ್ರಾರ್ಥನಾ ಮಂದಿರವಾದ ಸಿನಗಾಗಿನಲ್ಲಿ ಧರ್ಮಗ್ರಂಥ ತೋರಾ ಓದುವ ಹೊತ್ತಿಗೆ ಎದ್ದು ನಿಂತು, ನನ್ನ ದೂರು ಕೇಳುವ ತನಕ ಓದಲು ಬಿಡುವುದಿಲ್ಲ ಅನ್ನಬಹುದಿತ್ತು. ಅದು ಅವನ ಹಕ್ಕು. ಈ ಪದ್ಧತಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

18ನೇ ಶತಮಾನದ ಕೊನೆಗೆ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಸೇರಿ ಪೋಲೆಂಡನ್ನು ಹಂಚಿಕೊಂಡವು. 19ನೇ ಶತಮಾನದ ಆರಂಭದ ವರ್ಷಗಳಲ್ಲೇ ಕ್ರಿಂಕಿ ರಷ್ಯಾದ ಕೈಗೆ ಬಂತು. ಅಲ್ಲಿನ ಚಕ್ರವರ್ತಿಗಳಿಗೆ ಯಹೂದಿಗಳು ತಮ್ಮ ದೇಶದ ಒಳಗೆ ಹರಡುವುದು ಇಷ್ಟ ಇರಲಿಲ್ಲ. 1791ರಿಂದ 1917ರ ತನಕ, ಕೆಲವರನ್ನು ಬಿಟ್ಟು ಉಳಿದವರೆಲ್ಲ ಪಶ್ಚಿಮದ ಕೆಲವು ಪ್ರಾಂತ್ಯಗಳಲ್ಲಿ ಮಾತ್ರ ಇರಬೇಕು ಅಂತ ಕಾನೂನು. 1897ರ ಜನಗಣತಿಯಲ್ಲಿ ಆ ಎಲ್ಲೆಯೊಳಗೆ ಸುಮಾರು 50 ಲಕ್ಷ ಯಹೂದಿಗಳಿದ್ದರು. ಅವೇ ಹಳೆಯ ಊರುಗಳು, ಅವೇ ಬೀದಿಗಳು, ಜನ ಮಾತ್ರ ತುಂಬುತ್ತಲೇ ಹೋದರು.

ಇಲ್ಲಿ ಕ್ರಿಂಕಿಯ ಮೊದಲ ತಿರುವು. 1830ರಲ್ಲಿ ವಾರ್ಸಾ ಕಡೆಯ ಪೋಲಿಷರು ರಷ್ಯಾದ ವಿರುದ್ಧ ದಂಗೆ ಎದ್ದರು, ಸೋತರು. ಶಿಕ್ಷೆಯಾಗಿ ರಷ್ಯಾ ಆ ಭಾಗಕ್ಕೂ ತನಗೂ ನಡುವೆ ಸುಂಕದ ಗೋಡೆ ಎಬ್ಬಿಸಿತು. ಲೋಡ್ಜ್ ಕಡೆ ಬಟ್ಟೆ ನೇಯುತ್ತಿದ್ದ ಕಾರ್ಖಾನೆಯವರಿಗೆ ರಷ್ಯಾದ ಮಾರುಕಟ್ಟೆ ಕೈತಪ್ಪುವ ಹಾಗಾಯಿತು. ಕೆಲವರು ಮಗ್ಗ ಸಮೇತ ಗಡಿ ದಾಟಿ ಬಿಯಾಲಿಸ್ಟೋಕ್ ಸುತ್ತಮುತ್ತ ಬಂದು ನೆಲೆಸಿದರು. ಕ್ರಿಂಕಿ ಗೋಡೆಯ ಈಚೆ ಇತ್ತು, ಅಂದರೆ ಲಾಭದ ಕಡೆ. ಅಲ್ಲೂ ಉಣ್ಣೆ ಬಟ್ಟೆಯ ಮಗ್ಗಗಳು ನಡೆದವು. 1851ರಲ್ಲಿ ಆ ಗೋಡೆ ಬಿತ್ತು. 1862ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ವಾರ್ಸಾಗೆ ಹೋಗುವ ರೈಲು ಬಿಯಾಲಿಸ್ಟೋಕ್ ಮೂಲಕ ಓಡಿತು. ಕ್ರಿಂಕಿಗೆ ರೈಲು ಬರಲಿಲ್ಲ. ಹತ್ತಿರದ ಸ್ಟೇಷನ್ ಸೊಕೊಲ್ಕಾ, ಅಲ್ಲಿಗೆ ಸುಮಾರು 25 ಕಿಲೋಮೀಟರ್ ಗಾಡಿ ದಾರಿ. ಕಲ್ಲಿದ್ದಲು ಬೇಕಾದ, ಉಗಿಯಂತ್ರ ಬೇಕಾದ ಬಟ್ಟೆ ಕಾರ್ಖಾನೆ ರೈಲಿನ ಪಕ್ಕವೇ ಇರಬೇಕು. ನೇಕಾರಿಕೆ ಬಿಯಾಲಿಸ್ಟೋಕ್‌ಗೆ ಸರಿಯಿತು.

ಹಾಗಾದರೆ ಊರು ಸೊರಗಿ ಹೋಗಬೇಕಿತ್ತು, ಅಲ್ವಾ? ಹೋಗಲಿಲ್ಲ. ಚರ್ಮ ಬಂತು.

ಚರ್ಮ ಹದ ಮಾಡಲು ಏನೇನು ಬೇಕು ಅಂತ ನೋಡಿ. ನೀರು ಬೇಕು, ಕ್ರಿಂಕಿಯಲ್ಲಿ ಊಟೆಗಳಿಗೆ ಬರ ಇಲ್ಲ. ಮರದ ತೊಗಟೆ ಬೇಕು, ಸುತ್ತ ಕಾಡು ಇದೆ. ನಮ್ಮ ಕಡೆ ತಂಗಡಿ ತೊಗಟೆ ಬಳಸುವ ಜಾಗದಲ್ಲಿ ಅವರದ್ದು ಓಕ್ ಮರದ ತೊಗಟೆ. ತೊಗಲು ಬೇಕು, ಅದು ಸಂತೆಗೂ ಕಸಾಯಿಖಾನೆಗೂ ಬರುತ್ತದೆ, ಸಾಲದಿದ್ದರೆ ದೂರದಿಂದ ಉಪ್ಪು ಹಾಕಿ ತರಿಸಬಹುದು. ಕೈ ಕೆಲಸ ಗೊತ್ತಿರುವ ಜನ ಬೇಕು, ಅವರು ಬೇಕಾದಷ್ಟಿದ್ದರು. 1882ರ ಮೇ ಕಾನೂನು ಬಂದ ಮೇಲೆ ಯಹೂದಿಗಳು ಹಳ್ಳಿಗಳಲ್ಲಿ ಹೊಸದಾಗಿ ನೆಲೆಸುವ ಹಾಗಿರಲಿಲ್ಲ. 1890ರ ದಶಕದಲ್ಲಿ ವೋಡ್ಕಾ ಮಾರಾಟವನ್ನು ಸರ್ಕಾರವೇ ವಹಿಸಿಕೊಂಡಿತು, ಹೋಟೆಲು ನಡೆಸುತ್ತಿದ್ದವರ ಹೊಟ್ಟೆಗೆ ಹೊಡೆಯಿತು. ಕೆಲಸ ಕಳೆದುಕೊಂಡವರು ಬಂದು ಸೇರುತ್ತಿದ್ದದ್ದು ಇಂಥ ಊರುಗಳಿಗೇ. ಕಾನೂನೇ ಕಾರ್ಖಾನೆಗೆ ಅಗ್ಗದ ಕೂಲಿ ಒದಗಿಸಿಕೊಟ್ಟಿತು.

ಇನ್ನು ಕೊಳ್ಳುವವರು. ಅದಕ್ಕೆ ಇಡೀ ರಷ್ಯಾ ಇತ್ತು. ಸೈನ್ಯಕ್ಕೆ ಬೂಟು ಬೇಕು. 1861ರಲ್ಲಿ ಜೀತದಿಂದ ಬಿಡುಗಡೆಯಾದ ರೈತರೂ ನಿಧಾನವಾಗಿ ಬೂಟು ಕೊಳ್ಳತೊಡಗಿದ್ದರು. ಹೊರದೇಶದ ಮಾಲಿಗೆ ರಷ್ಯಾ ಭಾರಿ ಸುಂಕ ಹಾಕಿತ್ತು. ಹದವಾದ ಚರ್ಮ ಹಗುರ, ಬೆಲೆ ಜಾಸ್ತಿ, 25 ಕಿಲೋಮೀಟರ್ ಗಾಡಿ ಬಾಡಿಗೆಯನ್ನು ತಡೆದುಕೊಳ್ಳುತ್ತದೆ. ಬಟ್ಟೆಗೆ ಶಾಪವಾದ ದೂರ ಚರ್ಮಕ್ಕೆ ಅಷ್ಟಾಗಿ ತಟ್ಟಲಿಲ್ಲ. 19ನೇ ಶತಮಾನದ ಕೊನೆಯ ಹೊತ್ತಿಗೆ ಕ್ರಿಂಕಿ ಅಂದರೆ ಟ್ಯಾನರಿ, ಅಂದರೆ ಚರ್ಮ ಹದ ಮಾಡುವ ಕಾರ್ಖಾನೆ, ಅನ್ನುವ ಹಾಗಾಯಿತು. ಆಗ ಅಲ್ಲಿ ಸುಮಾರು 3,500 ಯಹೂದಿಗಳಿದ್ದರು, ಊರಿನ ಜನಸಂಖ್ಯೆಯ ಮುಕ್ಕಾಲಿಗೆ ಸ್ವಲ್ಪ ಕಡಿಮೆ.

ಕೆಲಸ ಹೇಗಿತ್ತು? ಉಪ್ಪು ಹಾಕಿ ಬಂದ ತೊಗಲನ್ನು ಮೊದಲು ನೀರಲ್ಲಿ ನೆನೆಸಬೇಕು. ಆಮೇಲೆ ಸುಣ್ಣದ ಗುಂಡಿ. ಕೂದಲು ಸಡಿಲವಾದ ಮೇಲೆ ಮರದ ದಿಮ್ಮಿಯ ಮೇಲೆ ಹಾಸಿ, ಎರಡು ಹಿಡಿಯ ಬಾಗಿದ ಕತ್ತಿಯಿಂದ ಒಂದು ಕಡೆ ಕೂದಲು, ಇನ್ನೊಂದು ಕಡೆ ಮಾಂಸ ಹೆರೆಯಬೇಕು. ನಂತರ ತೊಗಟೆ ನೀರಿನ ತೊಟ್ಟಿಗಳಲ್ಲಿ ತಿಂಗಳುಗಟ್ಟಲೆ ಬಿಡಬೇಕು. ಇದೆಲ್ಲ ಹಸಿ ಕೆಲಸ. ಕೈ ಕಾಲು ಸದಾ ಒದ್ದೆ, ಸುಣ್ಣಕ್ಕೆ ಚರ್ಮ ಬಿರಿಯುತ್ತದೆ. ಚಳಿಗಾಲದಲ್ಲಿ ಅಲ್ಲಿ ನೀರು ಹೆಪ್ಪುಗಟ್ಟುತ್ತದೆ ಅನ್ನುವುದು ನೆನಪಿರಲಿ. ಆಮೇಲಿನದ್ದು ಒಣ ಕೆಲಸ. ಕೊಬ್ಬು ತಿಕ್ಕುವುದು, ತೆಳ್ಳಗೆ ಮಾಡುವುದು, ಬಣ್ಣ, ಹೊಳಪು. ಒಣ ಕೆಲಸಕ್ಕೆ ಪಳಗಿದ ಕೈ ಬೇಕು, ಕೂಲಿಯೂ ಸ್ವಲ್ಪ ಜಾಸ್ತಿ. ಕಾಯಿಲೆ ದನದ ಅಥವಾ ಕುದುರೆಯ ತೊಗಲಿನಿಂದ ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಹತ್ತುವ ಭಯ ಟ್ಯಾನರಿಯವರಿಗೆ ಯಾವಾಗಲೂ ಇದ್ದದ್ದೇ.

ಮಾಲೀಕರು ಹೆಚ್ಚಾಗಿ ಯಹೂದಿಗಳೇ. ಕೆಲಸಗಾರರಲ್ಲೂ ಯಹೂದಿಗಳೇ ಜಾಸ್ತಿ, ಜೊತೆಗೆ ಸುತ್ತಲಿನ ಹಳ್ಳಿಯ ಕ್ರೈಸ್ತರು. ಮಾಲೀಕ ಅಂದರೆ ದೊಡ್ಡ ಬಂಗಲೆಯ ಸಾಹುಕಾರ ಅಂದುಕೊಳ್ಳಬೇಡಿ. ಎಷ್ಟೋ ಜನ ಸಾಲದ ಮೇಲೆ ನಿಂತವರು. ತೊಗಲು ಕೊಂಡದ್ದು ಹುಂಡಿ ಮೇಲೆ, ಚರ್ಮ ಮಾರಿದ್ದೂ ಹುಂಡಿ ಮೇಲೆ. ಹುಂಡಿ ಅಂದರೆ ಇಂಥ ದಿನ ಹಣ ಕೊಡುತ್ತೇನೆ ಅಂತ ಬರೆದುಕೊಟ್ಟ ಕಾಗದ, ಅಲ್ಲಿ ವೆಕ್ಸೆಲ್ ಅಂತ ಅದಕ್ಕೆ ಹೆಸರು. ತೊಗಲು ಕೊಂಡು ಚರ್ಮ ಮಾರುವ ತನಕ ತಿಂಗಳುಗಳು ಕಳೆಯುತ್ತವೆ. ಆ ನಡುವೆ ಒಬ್ಬ ದೊಡ್ಡ ವ್ಯಾಪಾರಿ ದಿವಾಳಿ ಎದ್ದರೆ ಹತ್ತು ಜನರ ಕಾಗದ ರದ್ದಿ. ಹಾಗಾಗಿ ಮಾಲೀಕ ಹಿಂಡಲು ಸಾಧ್ಯ ಇದ್ದದ್ದು ಕೂಲಿಯನ್ನು ಮಾತ್ರ. 14 ಗಂಟೆ ದುಡಿಮೆ, ಕೆಲವೊಮ್ಮೆ ಅದಕ್ಕೂ ಜಾಸ್ತಿ.

ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಆ ಸಿನಗಾಗಿನ ಪದ್ಧತಿ ಈಗ ಬರುತ್ತದೆ. ಮಾಲೀಕನೂ ಕೆಲಸಗಾರನೂ ಒಂದೇ ದೇವರಿಗೆ ಒಂದೇ ಭಾಷೆಯಲ್ಲಿ ಪ್ರಾರ್ಥನೆ ಮಾಡುವವರು. ಕೂಲಿ ಜಗಳ ಬಂದಾಗ ಕೆಲಸಗಾರರಿಗೆ ಸಭೆ ಸೇರಲು ಇದ್ದ ಜಾಗ ಎರಡು: ಕಾಡು ಮತ್ತು ಸಿನಗಾಗ್. ಪ್ರಾರ್ಥನೆ ನಿಲ್ಲಿಸಿ ದೂರು ಹೇಳುವ ಹಳೆಯ ಹಕ್ಕು ಹೊಸ ಕೆಲಸಕ್ಕೆ ಬಂತು. ಹೊರಗೆ ಪೊಲೀಸರು ಸಭೆ ಸೇರಲು ಬಿಡುತ್ತಿರಲಿಲ್ಲ, ಒಳಗೆ ಜನ ತಾವಾಗಿ ಸೇರುತ್ತಿದ್ದರು. ಈ ಸೀಮೆಯ ಮುಷ್ಕರಗಳಲ್ಲಿ ಕೆಲಸಗಾರರು ಒಡೆಯದೆ ನಿಲ್ಲುತ್ತೇವೆ ಅಂತ ಆಣೆ ಇಟ್ಟದ್ದು ತೋರಾ ಸುರುಳಿಯ ಮೇಲೆ, ಇಲ್ಲವೇ ಪ್ರಾರ್ಥನೆಯ ಹೊತ್ತು ಹಣೆಗೂ ತೋಳಿಗೂ ಕಟ್ಟಿಕೊಳ್ಳುವ ತೆಫಿಲಿನ್ ಎಂಬ ಪುಟ್ಟ ಚರ್ಮದ ಪೆಟ್ಟಿಗೆಗಳ ಮೇಲೆ. ಸಮಾಜವಾದಿ ಕರಪತ್ರ ಓದುವ ಹುಡುಗ ತನ್ನ ಅಜ್ಜನ ತೆಫಿಲಿನ್ ಮುಟ್ಟಿ ಆಣೆ ಮಾಡುತ್ತಾನೆ. ಇದರಲ್ಲಿ ಅವನಿಗೆ ಯಾವ ಗೊಂದಲವೂ ಕಾಣಲಿಲ್ಲ. ನನಗೂ ಕಾಣುವುದಿಲ್ಲ.

1897ರಲ್ಲಿ ಕ್ರಿಂಕಿಯ ಟ್ಯಾನರಿಗಳಲ್ಲಿ ದೊಡ್ಡ ಮುಷ್ಕರ ನಡೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ವಿಲ್ನಾದಲ್ಲಿ, ಅಂದರೆ ಇವತ್ತಿನ ವಿಲ್ನಿಯಸ್‌ನಲ್ಲಿ, ಬುಂಡ್ ಎಂಬ ಯಹೂದಿ ಕಾರ್ಮಿಕರ ಪಕ್ಷ ಹುಟ್ಟಿತು. ಸರಿಯಾಗಿ ಗಮನಿಸಿ, ಈ ಚಿಕ್ಕ ಊರಿನಲ್ಲಿ ಕೆಲಸಗಾರರು ಪಕ್ಷಕ್ಕಾಗಿ ಕಾಯುತ್ತಾ ಕೂತಿರಲಿಲ್ಲ. ಮುಂದೆ ಬುಂಡ್ ಅಲ್ಲಿ ಬಲವಾಯಿತು, ಅರಾಜಕತಾವಾದಿಗಳೂ ಬಂದರು. ಆರಂಭದಲ್ಲಿ ಹೇಳಿದ ಬಾಂಬು ಇವರದ್ದೇ.

1905ರ ಜನವರಿ 22, ಭಾನುವಾರ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅರ್ಜಿ ಹಿಡಿದು ಅರಮನೆಗೆ ಹೊರಟ ಜನರ ಮೇಲೆ ಸೈನ್ಯ ಗುಂಡು ಹಾರಿಸಿತು. ಸುದ್ದಿ ಬಂದು ಕೆಲವೇ ದಿನಗಳಲ್ಲಿ ಕ್ರಿಂಕಿಯ ಕೆಲಸಗಾರರು ಬೀದಿಗಿಳಿದರು. ಯಹೂದಿಗಳು, ಕ್ರೈಸ್ತರು ಇಬ್ಬರೂ. ಟೆಲಿಗ್ರಾಫ್ ತಂತಿ ಕತ್ತರಿಸಿದರು. ಪೊಲೀಸರನ್ನೂ ಅಧಿಕಾರಿಗಳನ್ನೂ ಪಕ್ಕಕ್ಕೆ ತಳ್ಳಿದರು. ಸರ್ಕಾರಿ ಕಚೇರಿಗೆ ನುಗ್ಗಿ ಚಕ್ರವರ್ತಿಯ ಪಟ ಹರಿದರು, ಪಾಸ್‌ಪೋರ್ಟಿನ ಖಾಲಿ ಹಾಳೆಗಳನ್ನು ಎತ್ತಿಕೊಂಡರು. ಈ ಕೊನೆಯದ್ದು ತುಂಬಾ ಲೆಕ್ಕಾಚಾರದ ಕೆಲಸ. ಆ ಕಾಲದಲ್ಲಿ ದೇಶದೊಳಗೆ ಓಡಾಡಲೂ ಪಾಸ್‌ಪೋರ್ಟ್ ಬೇಕಿತ್ತು. ತಲೆಮರೆಸಿಕೊಳ್ಳುವವನಿಗೆ ಅದಕ್ಕಿಂತ ಬೆಲೆಬಾಳುವ ವಸ್ತು ಇರಲಿಲ್ಲ. ಕೆಲವು ದಿನ ಊರು ಕೆಲಸಗಾರರ ಕೈಯಲ್ಲಿತ್ತು. ಕ್ರಿಂಕಿ ಗಣರಾಜ್ಯ ಅಂತ ಅದಕ್ಕೆ ಹೆಸರು ಬಂತು. ಆಮೇಲೆ ಸೈನ್ಯ ಬಂತು, ಬಂಧನಗಳಾದವು, ಮುಗಿಯಿತು.

1906ರ ಜೂನ್‌ನಲ್ಲಿ ಬಿಯಾಲಿಸ್ಟೋಕ್‌ನಲ್ಲಿ ಯಹೂದಿಗಳ ಕಗ್ಗೊಲೆ ನಡೆಯಿತು. ಅಷ್ಟರಲ್ಲಾಗಲೇ ಹಡಗು ಹತ್ತುವವರ ಸಾಲು ಉದ್ದವಾಗಿತ್ತು. 1881ರಿಂದ 1914ರ ನಡುವೆ ಪೂರ್ವ ಯುರೋಪಿನಿಂದ ಸುಮಾರು 20 ಲಕ್ಷ ಯಹೂದಿಗಳು ಹೊರಟುಹೋದರು, ಹೆಚ್ಚಿನವರು ಅಮೆರಿಕಕ್ಕೆ. ಅಲ್ಲಿಂದ ಕಾಗದದ ಜೊತೆ ಡಾಲರ್ ಬರತೊಡಗಿತು. ಇದು ಊರಿನ ಹೊಸ ಆದಾಯ. ಒಂದೇ ಊರಿನಿಂದ ಹೋದವರು ನ್ಯೂಯಾರ್ಕಿನಲ್ಲಿ ಸಂಘ ಕಟ್ಟಿಕೊಳ್ಳುತ್ತಿದ್ದರು. ಸ್ಮಶಾನಕ್ಕೆ ಜಾಗ, ಕಾಯಿಲೆಗೆ ಸಹಾಯ, ಹುಟ್ಟೂರಿಗೆ ಹಣ.

1915ರಲ್ಲಿ ಜರ್ಮನ್ ಸೈನ್ಯ ಬಂತು. ಯುದ್ಧ ಮುಗಿದಾಗ ಪೋಲೆಂಡ್ ಮತ್ತೆ ದೇಶವಾಗಿತ್ತು. ಯಾರ ಹಬ್ಬ ಯಾರಿಗೋ ಗೊತ್ತಿಲ್ಲ, ಕ್ರಿಂಕಿಗೆ ಮಾತ್ರ ಇದು ಎಲ್ಲಕ್ಕಿಂತ ದೊಡ್ಡ ಹೊಡೆತ. ಅದರ ಚರ್ಮ ಹೋಗುತ್ತಿದ್ದದ್ದು ಪೂರ್ವಕ್ಕೆ. ಪೂರ್ವದಲ್ಲಿ ಈಗ ಸೋವಿಯತ್ ಒಕ್ಕೂಟ, ನಡುವೆ ಮುಚ್ಚಿದ ಗಡಿ. ಕೋಟಿಗಟ್ಟಲೆ ಗಿರಾಕಿಗಳು ಒಂದೇ ಏಟಿಗೆ ಇಲ್ಲವಾದರು. ಅದಕ್ಕೆ ಹೆಚ್ಚುಕಡಿಮೆ ತೊಂಬತ್ತು ವರ್ಷ ಮೊದಲು ಒಂದು ಗಡಿ ಊರಿಗೆ ಅನ್ನ ಕೊಟ್ಟಿತ್ತು. ಈ ಗಡಿ ಅದನ್ನು ಕಿತ್ತುಕೊಂಡಿತು. 1921ರಲ್ಲೂ ಊರಲ್ಲಿ ಸುಮಾರು 3,500 ಯಹೂದಿಗಳೇ ಇದ್ದರು. ಅಂದರೆ 1897ರ ಜನಗಣತಿಯಿಂದ 24 ವರ್ಷದಲ್ಲಿ ಬೆಳವಣಿಗೆ ಹೆಚ್ಚುಕಡಿಮೆ ಸೊನ್ನೆ. ಹುಟ್ಟಿದಷ್ಟು ಜನ ಹೊರಗೆ ಹೋಗಿದ್ದರು.

ಹೊಸ ಪೋಲೆಂಡಿನ ಕಾನೂನುಗಳೂ ಸಹಾಯ ಮಾಡಲಿಲ್ಲ. ಭಾನುವಾರ ಅಂಗಡಿ, ಕಾರ್ಖಾನೆ ಮುಚ್ಚಲೇಬೇಕು ಅಂತ 1919ರಲ್ಲಿ ಕಾನೂನಾಯಿತು. ಶನಿವಾರ ಸಬ್ಬತ್ ಎಂದು ಹೇಗೂ ಮುಚ್ಚುವ ಯಹೂದಿಗೆ ವಾರದಲ್ಲಿ ಎರಡು ದಿನ ಗಳಿಕೆ ಇಲ್ಲ. 1924ರಲ್ಲಿ ಅಮೆರಿಕ ತನ್ನ ಬಾಗಿಲನ್ನು ಬಹುಪಾಲು ಮುಚ್ಚಿತು, ಹೋಗೋಣ ಅಂದರೆ ದಾರಿಯೂ ಇಲ್ಲ. ಆಮೇಲೆ 1929ರ ಜಾಗತಿಕ ಆರ್ಥಿಕ ಕುಸಿತ. 1936ರಲ್ಲಿ ಪ್ರಧಾನಿ ಸ್ಕ್ಲಾಡ್ಕೋವ್‌ಸ್ಕಿ ಸಂಸತ್ತಿನಲ್ಲಿ ಯಹೂದಿಗಳ ಮೇಲೆ ಕೈ ಮಾಡುವುದು ಬೇಡ, ಆದರೆ ಆರ್ಥಿಕ ಹೋರಾಟ ಧಾರಾಳವಾಗಿ ನಡೆಯಲಿ ಅನ್ನುವ ಅರ್ಥದ ಮಾತಾಡಿದರು. ಯಹೂದಿ ಅಂಗಡಿಗಳ ಮುಂದೆ ಬಹಿಷ್ಕಾರದ ಕಾವಲು ನಿಲ್ಲುವ ಕಾಲ ಅದು. ಅದೇ ವರ್ಷ ಕೋಷರ್ ಪದ್ಧತಿಯ, ಅಂದರೆ ಯಹೂದಿ ಆಹಾರ ನಿಯಮದ ಪ್ರಕಾರದ, ಪ್ರಾಣಿವಧೆಗೂ ಮಿತಿ ಹಾಕುವ ಕಾನೂನು ಬಂತು.

ಈ ಬಡತನದಲ್ಲಿ ಒಂದು ಒಳ್ಳೆಯ ಏರ್ಪಾಡು ಬೆಳೆಯಿತು. ಬಡ್ಡಿ ಇಲ್ಲದ ಸಾಲದ ಕಟ್ಟೆಗಳು. ಅಮೆರಿಕದ ಯಹೂದಿಗಳ ಜಾಯಿಂಟ್ ಎಂಬ ಪರಿಹಾರ ಸಂಸ್ಥೆ ಅರ್ಧ ಬಂಡವಾಳ ಹಾಕುವುದು, ಊರವರು ಉಳಿದದ್ದು ಸೇರಿಸುವುದು. ಪೋಲೆಂಡಿನಲ್ಲಿ ಇಂಥವು ನೂರಾರು ಇದ್ದವು. ಒಬ್ಬ ಚಮ್ಮಾರನಿಗೆ ತೊಗಲು ಕೊಳ್ಳಲು, ಗಾಡಿಯವನಿಗೆ ಸತ್ತ ಕುದುರೆಯ ಬದಲು ಇನ್ನೊಂದು ಕೊಳ್ಳಲು, ವ್ಯಾಪಾರದ ಹೆಂಗಸಿಗೆ ಸಂತೆಗೆ ಮುಂಚೆ ನಾಲ್ಕು ಕಾಸು ಕೈಯಲ್ಲಿರಲು. ವಾರವಾರ ತೀರಿಸುವುದು. ದಾನ ತೆಗೆದುಕೊಂಡೆ ಅನ್ನುವ ಅವಮಾನ ಇಲ್ಲ. ಆ ಕಾಲದ ಪೋಲೆಂಡಿನ ಯಹೂದಿ ಬದುಕನ್ನು ದೊಡ್ಡ ಭಾಷಣಗಳಿಗಿಂತ ಈ ಚಿಲ್ಲರೆ ಸಾಲಗಳೇ ಜಾಸ್ತಿ ಹಿಡಿದು ನಿಲ್ಲಿಸಿದವು ಅಂತ ನಾನು ನಂಬುತ್ತೇನೆ.

ಮುಂದಿನದ್ದನ್ನು ಹೆಚ್ಚು ವಿಸ್ತರಿಸುವುದಿಲ್ಲ. 1939ರ ಸೆಪ್ಟೆಂಬರಿನಲ್ಲಿ ಸೋವಿಯತ್ ಸೈನ್ಯ ಬಂತು, ಖಾಸಗಿ ಟ್ಯಾನರಿಗಳು ಸರ್ಕಾರದ ಪಾಲಾದವು. 1941ರ ಜೂನ್ ಕೊನೆಯಲ್ಲಿ ಜರ್ಮನರು ಬಂದರು. ಆ ವರ್ಷ ಮುಗಿಯುವ ಹೊತ್ತಿಗೆ ಯಹೂದಿಗಳನ್ನು ಗೆಟ್ಟೋಗೆ, ಅಂದರೆ ಬೇಲಿ ಹಾಕಿ ಕೂಡಿಹಾಕುವ ಕೇರಿಗೆ, ತಳ್ಳಿದ್ದರು. 1942ರ ನವೆಂಬರ್ 2ರಂದು ಬಿಯಾಲಿಸ್ಟೋಕ್ ಸೀಮೆಯ ಊರೂರುಗಳಲ್ಲಿ ಒಟ್ಟಿಗೇ ಗೆಟ್ಟೋಗಳನ್ನು ಖಾಲಿ ಮಾಡಿಸಿದರು. ಕ್ರಿಂಕಿಯವರನ್ನು ಗ್ರೋಡ್ನೋ ಹತ್ತಿರದ ಕೆಲ್ಬಾಸಿನ್ ಶಿಬಿರಕ್ಕೆ, ಅಲ್ಲಿಂದ ಟ್ರೆಬ್ಲಿಂಕಾ ಎಂಬ ಸಾವಿನ ಶಿಬಿರಕ್ಕೆ ಸಾಗಿಸಿ ಕೊಂದರು. ಕಸುಬು ಗೊತ್ತಿದ್ದ ಕೆಲವರನ್ನು ಕೆಲಸಕ್ಕೆ ಅಂತ ಉಳಿಸಿಕೊಂಡಿದ್ದರು. ಮುಂದಿನ ಜನವರಿಯಲ್ಲಿ ಅವರನ್ನೂ ಕಳಿಸಿದರು. ಬದುಕಿ ಉಳಿದವರು ಬೆರಳೆಣಿಕೆಯಷ್ಟು. ಮೊದಲೇ ದೇಶ ಬಿಟ್ಟಿದ್ದವರು ಮತ್ತು ಉಳಿದುಕೊಂಡವರು ಸೇರಿ 1970ರಲ್ಲಿ ಟೆಲ್ ಅವೀವ್‌ನಲ್ಲಿ ಊರಿನ ನೆನಪಿನ ಪುಸ್ತಕ ಪ್ರಕಟಿಸಿದರು. ಮಾಲೀಕರು, ಮುಷ್ಕರದ ಮುಂದಾಳುಗಳು, ರಬ್ಬಿಗಳು ಒಂದೇ ರಟ್ಟಿನೊಳಗೆ ಇದ್ದಾರೆ.

ಮಾತು ಮುಗಿದ ಮೇಲೆ ಕೇಳಿದ ಪ್ರಶ್ನೆಗಳು

ಈಗ ಅಲ್ಲಿ ಏನಿದೆ ಸರ್?

ಸುಮಾರು 2,500 ಜನರ ಊರು. ಪೋಲಿಷರು, ಬೆಲಾರೂಸಿಗಳು, ಹತ್ತಿರದ ಹಳ್ಳಿಗಳಲ್ಲಿ ತಾತಾರ್ ಮುಸ್ಲಿಮರೂ ಇದ್ದಾರೆ. 1950ರಲ್ಲಿ ಪಟ್ಟಣದ ಸ್ಥಾನ ಕಳೆದುಕೊಂಡಿತ್ತು, 2009ರಲ್ಲಿ ಮತ್ತೆ ಸಿಕ್ಕಿತು. ಆರು ಮೂಲೆಯ ಮೈದಾನ ಈಗ ಪಾರ್ಕು. ಕಲ್ಲಿನ ದೊಡ್ಡ ಸಿನಗಾಗನ್ನು ಜರ್ಮನರು 1944ರಲ್ಲಿ ಹಿಂದೆ ಸರಿಯುವಾಗ ಸ್ಫೋಟಿಸಿದರು, ಉಳಿದ ಗೋಡೆಯನ್ನು 1971ರಲ್ಲಿ ಕೆಡವಿದರು. ಇನ್ನೆರಡು ಚಿಕ್ಕ ಪ್ರಾರ್ಥನಾ ಮನೆಗಳು ನಿಂತಿವೆ. ಹಸಿದಿ ಎಂಬ ಯಹೂದಿ ಭಕ್ತಿಪಂಥದವರದ್ದು ಗೋದಾಮಾಗಿತ್ತು. ಕೌಕಾಜ್ ಎಂಬ ಕೇರಿಯದ್ದು ಮೊದಲು ಸಿನಿಮಾ ಮಂದಿರವಾಯಿತು, ಆಮೇಲೆ ಊರಿನ ಸಾಂಸ್ಕೃತಿಕ ಭವನ. ಯಹೂದಿ ಸ್ಮಶಾನ ಆ ಸೀಮೆಯ ದೊಡ್ಡ ಸ್ಮಶಾನಗಳಲ್ಲಿ ಒಂದು. ಟ್ಯಾನರಿ ಕೆಲಸವಾಗಲಿ, ಆ ಕಸುಬಿನವರಾಗಲಿ ಹಳೆಯ ರೀತಿಯಲ್ಲಿ ಉಳಿದಿಲ್ಲ.

ಯಹೂದಿಗಳು ಬಡ್ಡಿ ವ್ಯಾಪಾರ ಮಾಡಿ ರೈತರನ್ನು ಸುಲಿದರು ಅಂತ ಓದಿದ್ದೇವೆ. ನೀವು ಅದನ್ನು ಹೇಳಲೇ ಇಲ್ಲ.

ಒಳ್ಳೆಯ ಪ್ರಶ್ನೆ. ಬಡ್ಡಿಗೆ ಕೊಡುವವರು ಇದ್ದರು, ಅಂಗಡಿಯ ಉದ್ದರಿಯಲ್ಲಿ ಬೆಲೆ ಏರಿಸುವವರೂ ಇದ್ದರು. ಸುಮ್ನೆ ಎಲ್ಲರೂ ಸಂತರು ಅಂತ ನಾನು ಹೇಳುವುದಿಲ್ಲ. ಆದರೆ ಸಾಲದ ದಿಕ್ಕನ್ನು ಸ್ವಲ್ಪ ಗಮನಿಸಿ. 17, 18ನೇ ಶತಮಾನದ ಪೋಲೆಂಡ್ ಮತ್ತು ಲಿಥುವೇನಿಯಾದಲ್ಲಿ ಕೈಯಲ್ಲಿ ನಗದು ಇದ್ದದ್ದು ಮಠಗಳಿಗೆ ಮತ್ತು ಜಮೀನ್ದಾರರಿಗೆ. ಕ್ಯಾಥೊಲಿಕ್ ಮಠಗಳಿಗೆ ದಾನವಾಗಿ ಬಂದ ಹಣವನ್ನು ಎಲ್ಲಾದರೂ ತೊಡಗಿಸಬೇಕಿತ್ತು. ಅವರು ಅದನ್ನು ಬಡ್ಡಿಗೆ ಕೊಟ್ಟದ್ದು ಯಹೂದಿ ಕಹಲ್‌ಗಳಿಗೆ. ಕಹಲ್ ಅಂದರೆ ಇಡೀ ಸಮುದಾಯದ ಹೊಣೆ, ಒಬ್ಬ ಓಡಿಹೋದರೂ ಉಳಿದವರು ಕಟ್ಟುತ್ತಾರೆ, ಭದ್ರವಾದ ಸಾಲಗಾರ. ತೆರಿಗೆ ಕಟ್ಟಲು, ಯುದ್ಧದ ದಂಡ ಕಟ್ಟಲು, ಸುಳ್ಳು ಆಪಾದನೆಯ ಮೊಕದ್ದಮೆ ನಡೆಸಲು ಕಹಲ್‌ಗಳು ಹೀಗೆ ಸಾಲ ಮಾಡಿ ಮಾಡಿ ಮುಳುಗಿದವು. 1764ರಲ್ಲಿ ಸರ್ಕಾರ ಕುಳಿತು ಲೆಕ್ಕ ಹಾಕುವಷ್ಟು ದೊಡ್ಡ ಮೊತ್ತ ಅದು. 1844ರಲ್ಲಿ ರಷ್ಯಾ ಕಹಲ್‌ಗಳನ್ನೇ ರದ್ದು ಮಾಡಿತು, ಆದರೆ ಅವುಗಳ ಹಳೆಯ ಸಾಲ ರದ್ದಾಗಲಿಲ್ಲ. ಅದನ್ನು ತೀರಿಸಲು ಕೊರೊಬ್ಕಾ ಎಂಬ ತೆರಿಗೆಯನ್ನು ಮುಂದುವರಿಸಿದರು. ಅದು ಕೋಷರ್ ಮಾಂಸದ ಮೇಲಿನ ತೆರಿಗೆ. ಹಾಗಾಗಿ ಸಬ್ಬತ್‌ಗೆ ಅಂತ ಒಂದು ಪೌಂಡು ಮಾಂಸ ಕೊಂಡ ಟ್ಯಾನರಿ ಕೆಲಸಗಾರನ ಹೆಂಡತಿಯ ದುಡ್ಡಿನಲ್ಲಿ, ಅವಳ ಮುತ್ತಜ್ಜನ ಕಾಲದಲ್ಲಿ ಯಾವುದೋ ಮಠದಿಂದ ತಂದ ಸಾಲಕ್ಕೂ ಒಂದು ಪಾಲು ಹೋಗುತ್ತಿತ್ತು.